ಹಲಸೂರು ಕೆರೆಯ ಅಗಲ, ಟಿನ್ ಫ್ಯಾಕ್ಟರಿಯ ಬಸ್ಸು

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಗಣಿತದ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣುವುದು ಥರ್ಮೋಕೋಲಿನಲ್ಲಿ ಕತ್ತರಿಸಿದ ಪೈಥಾಗೊರಸ್ ಪ್ರಮೇಯ, ಬಣ್ಣದ ಕಾಗದದ ಶಂಕು, ಘನ. ನೋಡಲು ಚೆಂದ. ಆದರೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಅಲ್ಲಿ ಒಂದೂ ಇರುವುದಿಲ್ಲ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಬಗ್ಗೆ ನನಗೆ ಗೌರವವಿರುವುದು ಈ ಕಾರಣಕ್ಕೆ. 1993ರಲ್ಲಿ ಶುರುವಾದ ಈ ಸಮಾವೇಶಕ್ಕೆ 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಲಿನ ಸಮಸ್ಯೆಯೊಂದನ್ನು ಹಿಡಿದು, ಅಳೆದು, ಎಣಿಸಿ, ವರದಿ ಬರೆದು ತರುತ್ತಾರೆ. ನಮ್ಮ ರಾಜ್ಯದಲ್ಲಿ ಇದನ್ನು ಶಾಲೆಗಳಿಗೆ ತಲುಪಿಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಬೆಂಗಳೂರಿನ ಪೂರ್ವ ಭಾಗದ ಮಕ್ಕಳು ಇಂಥ ಸಮಸ್ಯೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಹಲಸೂರು ಕೆರೆಯನ್ನೇ ತೆಗೆದುಕೊಳ್ಳಿ. ನೀರಿಗಿಳಿಯದೆ ಅದರ ಅಗಲ ತಿಳಿಯಬೇಕು. ಬೇಕಾಗುವುದು ಒಂದು ಟೇಪು ಮತ್ತು ಹಲಗೆಗೆ ಅಂಟಿಸಿದ ಕೋನಮಾಪಕ. ಗುರಿ ಹಿಡಿಯಲು ಅದರ ಮೇಲೊಂದು ಸ್ಟ್ರಾ. ಆಚೆ ದಡದ ಒಂದು ಮರಕ್ಕೆ ನೇರ ಎದುರು ನಿಲ್ಲಿ. ಅಲ್ಲಿಂದ ಲಂಬವಾಗಿ ದಡದುದ್ದಕ್ಕೂ 100 ಮೀಟರ್ ನಡೆದು, ಅದೇ ಮರಕ್ಕೆ ಮತ್ತೆ ಗುರಿ ಹಿಡಿಯಿರಿ. ನಡೆದು ಬಂದ ಗೆರೆಗೂ ಮರದ ದಿಕ್ಕಿಗೂ ನಡುವೆ 75 ಡಿಗ್ರಿ ಬಂತೆನ್ನಿ. ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು: 100ನ್ನು ಟ್ಯಾನ್ 75ರಿಂದ, ಅಂದರೆ 3.73ರಿಂದ ಗುಣಿಸಿದರೆ ಅಗಲ 373 ಮೀಟರ್.

ನಿಜವಾದ ಪ್ರಾಜೆಕ್ಟ್ ಆರಂಭವಾಗುವುದು ಇದರ ನಂತರ. ಸ್ಟ್ರಾ ಕೊಂಚ ಅಲುಗಿ 76 ಎಂದು ಓದಿದ್ದರೆ ಉತ್ತರ 401 ಮೀಟರ್ ಆಗುತ್ತಿತ್ತು. ಒಂದೇ ಒಂದು ಡಿಗ್ರಿಗೆ 28 ಮೀಟರ್ ವ್ಯತ್ಯಾಸ! 100ರ ಬದಲು 300 ಮೀಟರ್ ನಡೆದಿದ್ದರೆ ಕೋನ 51ರ ಆಸುಪಾಸಿಗೆ ಇಳಿಯುತ್ತದೆ. ಆಗ ಅದೇ ಒಂದು ಡಿಗ್ರಿ ತಪ್ಪಿನಿಂದ ಆಗುವ ವ್ಯತ್ಯಾಸ 14 ಮೀಟರಿನಷ್ಟು, ಅಂದರೆ ಅರ್ಧ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯನ್ನು ಅಷ್ಟು ಶ್ರಮಪಟ್ಟು ಅಳೆದದ್ದೇಕೆ ಎಂದು ಇಲ್ಲಿ ಅರ್ಥವಾಗುತ್ತದೆ. ಅವರ ಉಕ್ಕಿನ ಸರಪಳಿಯ ಉದ್ದ 100 ಅಡಿ. ಬಿಸಿಲಿಗೆ ಅದು ಹಿಗ್ಗುವುದನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಎರಡು ವರ್ಷಗಳ ನಂತರ ಅವರೇ ಮದರಾಸಿನಲ್ಲಿ ಅಳೆದ ರೇಖೆಯಿಂದ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಶುರುವಾಯಿತು. ಕೆರೆಯ ಅಗಲ ‘373’ ಎಂದಷ್ಟೇ ಬರೆದ ವರದಿಗಿಂತ, ತಪ್ಪು ಎಷ್ಟಿರಬಹುದು ಎಂಬುದನ್ನೂ ಪಕ್ಕದಲ್ಲಿ ಬರೆದ ವರದಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಇನ್ನು ಕೆ.ಆರ್. ಪುರದ ಕಡೆಗೆ. ಹಳೇ ಮದ್ರಾಸ್ ರಸ್ತೆ ಹೊರವರ್ತುಲ ರಸ್ತೆಯನ್ನು ಸೇರುವ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾಯುವವರ ದೂರು ಹಳೆಯದು: ‘ಬರೋದೇ ಇಲ್ಲ, ಬಂದ್ರೆ ಎರಡೆರಡು ಒಟ್ಟಿಗೆ ಬರ್ತವೆ.’ ಇದನ್ನು ಎಣಿಕೆಗೆ ಒಡ್ಡಬಹುದು. ಒಂದು ನೋಟ್‌ಬುಕ್ಕು, ಒಂದು ಗಡಿಯಾರ. ಒಂದೇ ಮಾರ್ಗದ ಬಸ್ಸು ಬಂದ ಸಮಯವನ್ನು ಸಾಲಾಗಿ ಬರೆಯುತ್ತಾ ಹೋಗುವುದು.

ಗಂಟೆಗೆ ಆರು ಬಸ್ಸು ಬಂದವು ಎಂದುಕೊಳ್ಳೋಣ. ಸರಿಯಾಗಿ ಹತ್ತು ನಿಮಿಷಕ್ಕೊಂದು ಬಂದರೆ, ಯಾವಾಗಲೋ ಬಂದು ನಿಲ್ಲುವ ಪ್ರಯಾಣಿಕರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಈಗ ಅವೇ ಆರು ಬಸ್ಸು ಜೋಡಿಯಾಗಿ, 2 ನಿಮಿಷ, 18 ನಿಮಿಷ, ಮತ್ತೆ 2, ಮತ್ತೆ 18 ಎಂಬ ಅಂತರದಲ್ಲಿ ಬರಲಿ. ಅಂತರಗಳ ಸರಾಸರಿ ಈಗಲೂ ಹತ್ತೇ. ಆದರೆ ನಿಲ್ದಾಣಕ್ಕೆ ಬರುವ ಇಪ್ಪತ್ತು ಜನರಲ್ಲಿ ಹದಿನೆಂಟು ಜನ ಸಿಕ್ಕಿಬೀಳುವುದು ದೊಡ್ಡ ಅಂತರದಲ್ಲಿ. ಅವರು ಸರಾಸರಿ 9 ನಿಮಿಷ ಕಾಯುತ್ತಾರೆ. ಸಣ್ಣ ಅಂತರ ಸಿಗುವ ಅದೃಷ್ಟ ಇಬ್ಬರಿಗೆ. ಅವರಿಗೆ ಒಂದು ನಿಮಿಷ. ಎಲ್ಲ ಸೇರಿಸಿ ಭಾಗಿಸಿದರೆ 8.2 ನಿಮಿಷ. ದಾಖಲೆಯಲ್ಲಿ ಬಸ್ಸಿನ ಸಂಖ್ಯೆ ಸರಿ, ನಿಂತವರ ದೂರೂ ಸರಿ!

ಬಸ್ಸುಗಳು ಜೋಡಿಯಾಗುವುದಕ್ಕೂ ಕಾರಣವಿದೆ. ಮುಂದಿನದು ಸಿಗ್ನಲ್ಲಿನಲ್ಲಿ ಸ್ವಲ್ಪ ತಡವಾದರೆ ಮುಂದಿನ ನಿಲ್ದಾಣದಲ್ಲಿ ಜನ ಹೆಚ್ಚು ಸೇರಿರುತ್ತಾರೆ, ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನ ಉಳಿದಿರುವುದಿಲ್ಲ. ಅದು ಬೇಗ ಬೇಗ ಬಂದು ಮುಂದಿನದನ್ನು ಮುಟ್ಟುತ್ತದೆ.

ಇಷ್ಟು ಎಣಿಸಿದ ಮಕ್ಕಳು ಬಿಎಂಟಿಸಿಯ ಮುಂದೆ ಖಚಿತವಾದ ಬೇಡಿಕೆಯನ್ನೇ ಇಡಬಹುದು: ಜೋಡಿಯಾದಾಗ ಹಿಂದಿನ ಬಸ್ಸನ್ನು ನಿಲ್ದಾಣದಲ್ಲಿ ಕೆಲವು ನಿಮಿಷ ತಡೆದು ಬಿಡಿ. ಅಂತರ ಸಮವಾದರೆ ಆರು ಬಸ್ಸಿನಲ್ಲೇ ಕಾಯುವ ಸಮಯ ಐದು ನಿಮಿಷಕ್ಕೆ ಇಳಿಯುತ್ತದೆ. ಜೋಡಿಗಳು ಈಗಿನಂತೆಯೇ ಮುಂದುವರಿದರೆ, ಅದೇ ಐದು ನಿಮಿಷಕ್ಕೆ ಗಂಟೆಗೆ ಸುಮಾರು ಹತ್ತು ಬಸ್ಸು ಓಡಿಸಬೇಕು.