ನಲವತ್ತರ ಗೆರೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ಸಿಗೆ ಸಿಕ್ಕಿ ಒಬ್ಬ ಹೆಲ್ಪರನ ಬಲಗೈ ಹೆಬ್ಬೆರಳು ಹೋಯಿತು ಎಂದಿಟ್ಟುಕೊಳ್ಳಿ. ಅವನೀಗ ಯಾರು? ಅವನನ್ನೇ ಕೇಳಿದರೆ, "ಒಂದ್ ಬೆರಳು ಹೋಗೈತಿ, ಅಷ್ಟೇ. ನಾನೇನ್ ಅಂಗವಿಕಲ ಅಲ್ಲ ಬಿಡ್ರಿ" ಎಂದಾನು. ಕಾನೂನನ್ನು ಕೇಳಿದರೆ ಬೆರಳಿಗೊಂದು ದರ ಹೇಳುತ್ತದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ 30, ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳಿಗೂ ಕಿರುಬೆರಳಿಗೂ ತಲಾ 7 ಎಂದಿತ್ತು. ದುಡಿಯುವ ಶಕ್ತಿ ಎಷ್ಟು ಕುಗ್ಗಿತು ಎಂಬ ಲೆಕ್ಕ ಅದು. ಏಕಲವ್ಯನ ಹೆಬ್ಬೆರಳಿಗೆ ಶೇ 30 ಕಟ್ಟಿಕೊಟ್ಟರೆ ಯಾವ ಬಿಲ್ಲುಗಾರ ಒಪ್ಪುತ್ತಾನೆ?

ಅಂಗವೈಕಲ್ಯದ ಸರ್ಟಿಫಿಕೇಟಿನ ಲೆಕ್ಕ ಇನ್ನೊಂದು. ಜಿಲ್ಲಾ ಆಸ್ಪತ್ರೆಯ ಡಾಕ್ಟರು ಬೇರೆ ಮಾರ್ಗಸೂಚಿ ಹಿಡಿದು ಅದೇ ಕೈಯನ್ನು ಮತ್ತೆ ಅಳೆಯುತ್ತಾರೆ. ಅಲ್ಲಿ 40 ಮುಟ್ಟಿದರೆ ಮಾಸಾಶನ, ಮೀಸಲಾತಿಗಳ ಬಾಗಿಲು ತೆರೆಯುತ್ತದೆ. 39 ಆದರೆ ಇಲ್ಲ. ರೇಷನ್ ಕಾರ್ಡಿನ ಹಾಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಬಣ್ಣವುಂಟು: 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದರ ಮೇಲೆ ನೀಲಿ. ಬೆರಳು ಕಳೆದುಕೊಂಡವನು ತಾನು ಅಂಗವಿಕಲನಲ್ಲ ಎಂದು ಒಂದು ಕಡೆ ಹೇಳಿಕೊಳ್ಳುತ್ತ, ಇನ್ನೊಂದು ಕಡೆ ಹೌದೆಂದು ಸಾಬೀತು ಮಾಡಲು ಸರತಿಯಲ್ಲಿ ನಿಲ್ಲಬೇಕು. ಇದನ್ನು ಆಷಾಢಭೂತಿತನ ಎನ್ನಬೇಡಿ. ಸೌಲಭ್ಯ ಕೊಡುವವರು ಕೇಳುವ ಗುರುತು ಅದೊಂದೇ.

ಈ ಗೆರೆ ಪ್ರಕೃತಿ ಎಳೆದದ್ದಲ್ಲ. 1995ರ ಕಾಯ್ದೆ ಅಂಗವೈಕಲ್ಯದ 7 ಬಗೆಗಳನ್ನು ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಅದು ಜಾರಿಗೆ ಬಂದ 2017ರ ಏಪ್ರಿಲ್ 19ರಂದು ಕುಬ್ಜದೇಹಿಗಳು, ಆಸಿಡ್ ದಾಳಿಗೆ ತುತ್ತಾದವರು, ಹಿಮೋಫಿಲಿಯಾ, ತಲಸ್ಸೇಮಿಯಾ ಇರುವವರು ಕಾನೂನಿನ ಒಳಗೆ ಬಂದರು. ಹಿಂದಿನ ದಿನಕ್ಕೂ ಆ ದಿನಕ್ಕೂ ಅವರ ಮೈಯಲ್ಲಿ ಏನೂ ಬದಲಾಗಿರಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು: ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಗೆ ಲಿಪಿಕಾರನನ್ನು ಕೊಡಲು 40ರ ಅಳತೆ ಬೇಕಿಲ್ಲ. ಆ ಗೆರೆಯೇನಿದ್ದರೂ ಮೀಸಲಾತಿಯಂಥವಕ್ಕೆ.

ಹೆಸರಿನ ಜಗಳವೂ ಇದೆ. ಅಂಗವಿಕಲ ಎಂಬ ಮಾತು ಚುಚ್ಚುತ್ತದೆಂದು ನಮ್ಮ ರಾಜ್ಯದ ಇಲಾಖೆ 'ವಿಕಲಚೇತನ' ಎಂದಿತು. ಬಿಡಿಸಿ ನೋಡಿ: ಮೊದಲಿನದರಲ್ಲಿ ಊನವಾದದ್ದು ಅಂಗ ಮಾತ್ರ, ಎರಡನೆಯದರಲ್ಲಿ ಚೇತನವೇ! ಆಮೇಲೆ ಬಂದ 'ದಿವ್ಯಾಂಗ' ಇನ್ನೊಂದು ತುದಿಗೆ ಹಾರಿತು. ಮೆಟ್ಟಿಲು ಹತ್ತಲಾಗದವನಿಗೆ ಬೇಕಾದದ್ದು ಇಳಿಜಾರು ಹಾದಿ, ದೈವತ್ವವಲ್ಲ. ಕಿವುಡರಲ್ಲಿ ಹಲವರು ತಮ್ಮದು ಕೊರತೆಯೇ ಅಲ್ಲ, ತಾವು ಸನ್ನೆಭಾಷೆಯ ಅಲ್ಪಸಂಖ್ಯಾತರು ಎನ್ನುತ್ತಾರೆ. ಕಾಸರಗೋಡಿನ ಕನ್ನಡಿಗರಿಗೆ ಈ ವಾದ ಬೇಗ ಅರ್ಥವಾದೀತು. ನನಗೆ ಇವೆಲ್ಲಕ್ಕಿಂತ ಕಾಟ ಕೊಡುವುದು 'ದಿದ್ದರೂ' ಎಂಬ ಬಾಲ. ಗದುಗಿನ ಪುಟ್ಟರಾಜ ಗವಾಯಿಗಳನ್ನು 'ಕಣ್ಣಿಲ್ಲದಿದ್ದರೂ' ದೊಡ್ಡ ಸಂಗೀತಗಾರರಾದರು ಎಂದು ಹೊಗಳುತ್ತೇವೆ. ಸಂಗೀತ ಕಿವಿ, ಕೊರಳು, ಬೆರಳುಗಳ ವಿದ್ಯೆ. ಅಲ್ಲಿ 'ದಿದ್ದರೂ'ಗೆ ಏನು ಕೆಲಸ?

ಜಾತಿ ಸೇರಿದಾಗ ಗಂಟು ಬಿಗಿಯುತ್ತದೆ. ಕೆಲಸದ ಅರ್ಜಿಯಲ್ಲಿ ಜಾತಿಗೊಂದು ಕಾಲಂ, ಅಂಗವೈಕಲ್ಯಕ್ಕೊಂದು ಕಾಲಂ. ಹತ್ತಿ ಗಿರಣಿಗಳನ್ನು ಕಂಡ ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಸುಲಭ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೀಸಲಾತಿ ಹಾಸು, ಅಂಗವಿಕಲರದು ಹೊಕ್ಕು. 1992ರ ಇಂದ್ರಾ ಸಾಹ್ನಿ ತೀರ್ಪು ಮೊದಲನೆಯದನ್ನು ಲಂಬ, ಎರಡನೆಯದನ್ನು ಸಮತಲ ಎಂದು ಕರೆಯಿತು. ಸಮತಲದ ಸೀಟಿಗೆ ಆಯ್ಕೆಯಾದ ಪರಿಶಿಷ್ಟ ಜಾತಿಯವರನ್ನು ಅವರ ಜಾತಿಯ ಕೋಟಾದೊಳಗೇ ಎಣಿಸಲಾಗುತ್ತದೆ. ಅರ್ಜಿಯಲ್ಲಿ ಎರಡು ಕಾಲಂ ಇರಬಹುದು, ಬಟ್ಟೆ ಒಂದೇ.

ನ್ಯಾಯಾಲಯಕ್ಕೂ ಈ ಬಟ್ಟೆಯ ಎಳೆ ಬಿಡಿಸುವುದು ಕಷ್ಟವಾಯಿತು. ಆಂಧ್ರದಲ್ಲಿ ಪರಿಶಿಷ್ಟ ಜಾತಿಯ ಅಂಧ ಯುವತಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣ, ಪಟಾನ್ ಜಮಾಲ್ ವಲಿ ಹೆಸರಿನದು. 2021ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಹೆಣ್ತನ, ಜಾತಿ, ಕುರುಡು ಮೂರೂ ಒಂದರೊಳಗೊಂದು ಸೇರಿ ಹೇಗೆ ಶೋಷಣೆಗೆ ದಾರಿಯಾಗುತ್ತವೆ ಎಂದು ಪುಟಗಟ್ಟಲೆ ಬರೆಯಿತು. ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ದೌರ್ಜನ್ಯ ತಡೆ ಕಾಯ್ದೆಯ ಆರೋಪವನ್ನು ಕೈಬಿಟ್ಟಿತು. ಕೃತ್ಯ ನಡೆದಾಗಿನ ಕಾನೂನಿನ ಪ್ರಕಾರ, ಆಕೆಯ ಜಾತಿಯ ಕಾರಣದಿಂದಲೇ ಅಪರಾಧ ನಡೆಯಿತೆಂದು ತೋರಿಸಬೇಕಿತ್ತು, ಅದಕ್ಕೆ ಸಾಕ್ಷ್ಯವಿರಲಿಲ್ಲ. ಜಾತಿ ಗೊತ್ತಿದ್ದೂ ಮಾಡಿದರೆ ಸಾಕು ಎಂಬ ತಿದ್ದುಪಡಿ ಜಾರಿಯಾದದ್ದು 2016ರ ಜನವರಿಯಲ್ಲಿ, ಕೃತ್ಯ ನಡೆದ ಮೇಲೆ. ಏಕಲವ್ಯನ ಕಥೆಯಲ್ಲಿ ಬೇಡನಾದದ್ದಕ್ಕೇ ಬೆರಳು ಹೋಯಿತೆಂದು ನಮಗೆಲ್ಲ ಗೊತ್ತು. ದ್ರೋಣರ ಬಾಯಿಂದ ಆ ಕಾರಣ ಹೊರಡಿಸುವ ಸಾಕ್ಷಿ ಎಲ್ಲಿಂದ ತರಬೇಕು?

ಮತ್ತೆ ಕರೂರಿಗೆ ಬರೋಣ. ಹೆಬ್ಬೆರಳಿಲ್ಲದ ಹೆಲ್ಪರ್ ತನ್ನನ್ನು ಏನೆಂದು ಕರೆದುಕೊಳ್ಳಬೇಕೆಂಬುದು ಅವನಿಗೆ ಬಿಟ್ಟದ್ದು. ಅವನ ಕೆಲಸ ಉಳಿಯುವುದೇ ಎಂಬುದು ಮಾತ್ರ ಅವನಿಗೆ ಬಿಟ್ಟದ್ದಲ್ಲ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು 2016ರ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಆ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ. ಕರೂರಿನ ಶೆಡ್ಡು ಸರ್ಕಾರಿ ಸಂಸ್ಥೆಯಲ್ಲ.