ಗಲ್ಲಾಪೆಟ್ಟಿಗೆಯ ಹಣ ಮತ್ತು ಮನೆಖರ್ಚು

ಸಣ್ಣ ವ್ಯಾಪಾರಿಗಳ ಹಾಗೂ ಕಿರು ಉದ್ದಿಮೆದಾರರ ಕುಟುಂಬಗಳಲ್ಲಿ ಮನೆಖರ್ಚು ಕೈಮೀರಲು ದುಂದುವೆಚ್ಚವೊಂದೇ ಕಾರಣವಲ್ಲ. ಗಲ್ಲಾಪೆಟ್ಟಿಗೆಯಿಂದ ಲೆಕ್ಕವಿಡದೆ ಹಣ ತೆಗೆಯುವ ರೂಢಿಯೂ ಕಾರಣ. ದಿನಕ್ಕೆ 300 ರೂ.ಗಳಂತೆ ತೆಗೆದರೂ ವರ್ಷಕ್ಕೆ 1,09,500 ರೂ. ಆಗುತ್ತದೆ. ಅಷ್ಟು ಲಾಭ ಬಂದಿರದಿದ್ದಲ್ಲಿ ಕರಗುವುದು ದುಡಿಯುವ ಬಂಡವಾಳವೇ. ಆಗ ಸರಕಿನ ಬಾಕಿ ತೀರಿಸಲು ಬಡ್ಡಿಸಾಲ ಅನಿವಾರ್ಯವಾಗುತ್ತದೆ.

ಪರಿಹಾರ ಸರಳವಾದುದು. ಕಳೆದ ಮೂರು ತಿಂಗಳ ಖರ್ಚನ್ನು ದಿನಸಿ, ಹಾಲು, ವಿದ್ಯುತ್, ಶಾಲಾ ಶುಲ್ಕ, ಔಷಧ ಎಂದು ವಿಂಗಡಿಸಿ ಬರೆದರೆ, ಎಲ್ಲಿ ಕಡಿತ ಸಾಧ್ಯವೆಂಬುದು ತಾನಾಗಿ ತಿಳಿಯುತ್ತದೆ. ಅದರಂತೆ ತಿಂಗಳಿಗೊಂದು ಮೊತ್ತ ನಿಗದಿಪಡಿಸಿ, ಮೊದಲ ವಾರದಲ್ಲೇ ಮನೆಯ ಉಳಿತಾಯ ಖಾತೆಗೆ ವರ್ಗಾಯಿಸಬೇಕು. ಏಕಮಾಲೀಕ ಸಂಸ್ಥೆಗಳಲ್ಲಿ ಇದನ್ನು ಮಾಲೀಕರ ಸ್ವಂತ ಖರ್ಚಿನ ಲೆಕ್ಕಕ್ಕೆ ಬರೆಯತಕ್ಕದ್ದು. ಇದು ವ್ಯಾಪಾರದ ವೆಚ್ಚವಲ್ಲವಾದ್ದರಿಂದ ಆದಾಯ ತೆರಿಗೆಗಾಗಿ ಲಾಭದಿಂದ ಕಳೆಯಲು ಬರುವುದಿಲ್ಲ.

ಅಂಗಡಿಯಿಂದ ಮನೆಗೆ ಒಯ್ದ ಸಾಮಾನನ್ನೂ ಖರೀದಿ ಬೆಲೆಯಲ್ಲಿ ಇದೇ ಲೆಕ್ಕಕ್ಕೆ ಸೇರಿಸಬೇಕು. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಪ್ರಕರಣದನ್ವಯ ಸ್ವಂತ ಬಳಕೆಯ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು.

ತಿಂಗಳ ಕೊನೆಗೆ ಉಳಿದ ಹಣವನ್ನು ಆವರ್ತ ಠೇವಣಿಗೆ ಕಟ್ಟುವುದು ಲೇಸು. ಮದುವೆ, ಅನಾರೋಗ್ಯಗಳ ಸಮಯದಲ್ಲಿ ಅಂಗಡಿಯ ಬಂಡವಾಳಕ್ಕೆ ಕೈಹಾಕುವ ಪ್ರಸಂಗ ಅದರಿಂದ ತಪ್ಪುತ್ತದೆ.