ದೀಪಾವಳಿಗೆ ಅಂಗಳದಾಗೊಂದು ಕೋಟೆ: ಈ ಸಲ ಮಳಖೇಡದ್ದೇ ಯಾಕೆ ಕಟ್ಟಬಾರದು?

ಕೊಡ್ಲಿ: ದೀಪಾವಳಿಗೆ ಇನ್ನೂ ವಾರ ಇರುವಾಗಲೇ ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯ ಗಲ್ಲಿಗಳಲ್ಲಿ ಹುಡುಗರ ಕೈ ಮೊಣಕೈತನಕ ಕೆಸರಾಗಿರ್ತದೆ. ಮಹಾರಾಷ್ಟ್ರದಲ್ಲಿ ಇರುವಂತೆಯೇ ಅಲ್ಲೂ ಹಬ್ಬಕ್ಕೆ ಮಣ್ಣಿನ ಕಿಲ್ಲೆ ಕಟ್ಟುವ ಪದ್ಧತಿ ಇದೆ. ರಾಯಗಡ, ಪ್ರತಾಪಗಡ, ಸಿಂಹಗಡ ಹೀಗೆ ಒಂದೊಂದು ಗಲ್ಲಿಯವರು ಒಂದೊಂದು ಕೋಟೆ ಆರಿಸಿಕೊಂಡು, ಮೇಲೆ ಸಿಂಹಾಸನದಲ್ಲಿ ಕುಳಿತ ಶಿವಾಜಿ ಮಹಾರಾಜರನ್ನೂ, ಕೆಳಗೆ ಮಾವಳೆ ಸೈನಿಕರನ್ನೂ ಇಟ್ಟು ದೀಪ ಹಚ್ಚುತ್ತಾರೆ. ಸ್ಪರ್ಧೆಗಳೂ ನಡೆಯುತ್ತವೆ, ನೋಡಲಿಕ್ಕೆ ಜನ ಗಲ್ಲಿ ಗಲ್ಲಿ ತಿರುಗುತ್ತಾರೆ.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಈ ರೂಢಿ ಅಷ್ಟಾಗಿ ಇಲ್ಲ. ಆದರೆ ಮಣ್ಣಿನ ಗೊಂಬೆ ನಮಗೇನು ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದಲ್ಲಿ ಗುಳ್ಳವ್ವ ಮಾಡಿದ ಕೈಗಳೇ ಇಲ್ಲಿನವು. ಕೋಟೆಗೂ ಬರ ಇಲ್ಲ. ಕೊಡ್ಲಿಯಿಂದ ಹೆಚ್ಚು ದೂರವಿಲ್ಲದ ಕಾಗಿಣಾ ದಂಡೆಯಲ್ಲೇ ಮಳಖೇಡ ಇದೆ, ಜಿಲ್ಲಾ ಕೇಂದ್ರದಲ್ಲಿ ಬಹಮನಿ ಕೋಟೆ ಇದೆ. ಬಹಳಷ್ಟು ಹುಡುಗರು ಮಳಖೇಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಕಟ್ಟಲಿಕ್ಕೆ ಕುಂತರೆ ಮಾತ್ರ ಅಗಸಿ ಎಲ್ಲಿತ್ತು, ನೀರು ಯಾವ ಕಡೆ ಎಂಬ ಪ್ರಶ್ನೆ ಹುಟ್ಟುತ್ತವೆ.

ಗುಡ್ಡದ ಕೋಟೆ ಬೇರೆ, ನೆಲದ ಕೋಟೆ ಬೇರೆ

ರಾಯಗಡ ಗುಡ್ಡದ ಮೇಲಿನ ಕೋಟೆ. ಅದನ್ನು ಮಾಡಲು ಮೊದಲು ಗುಡ್ಡ ಎಬ್ಬಿಸಬೇಕು: ಒಡೆದ ಇಟ್ಟಂಗಿ, ಕಲ್ಲು ಗುಂಪೆ ಹಾಕಿ, ಗೋಣಿಚೀಲವನ್ನು ಮಣ್ಣಿನ ರಾಡಿಯಲ್ಲಿ ಅದ್ದಿ ಮೇಲೆ ಹೊದಿಸುತ್ತಾರೆ. ಚೀಲದ ಮಡಿಕೆಗಳು ಒಣಗಿದ ಮೇಲೆ ಥೇಟ್ ಬಂಡೆಯ ಸೀಳಿನಂತೆ ಕಾಣುತ್ತವೆ. ಭಾಳ ಚಂದದ ಉಪಾಯ ಅದು.

ಮಳಖೇಡ, ಕಲಬುರಗಿ ಎರಡೂ ನೆಲದ ಮೇಲಿನ ಕೋಟೆಗಳು. ಇಲ್ಲಿ ಗುಡ್ಡದ ಕೆಲಸವನ್ನು ನೀರು ಮಾಡುತ್ತದೆ. ಮಳಖೇಡಕ್ಕೆ ಕಾಗಿಣಾ ನದಿ, ಕಲಬುರಗಿಗೆ ಸುತ್ತಲಿನ ಕಂದಕ. ಹಂಗಾಗಿ ನಮ್ಮ ಕೋಟೆಗೆ ಮಣ್ಣು ಕಮ್ಮಿ ಸಾಕು. ಆದರೆ ಗೋಡೆ, ಬುರುಜು, ಅಗಸಿಯ ಕೆಲಸ ಚೊಕ್ಕ ಇರಬೇಕು, ಕಣ್ಣು ಹೋಗುವುದೇ ಅಲ್ಲಿಗೆ.

ಲೆಕ್ಕ ಗೊಂಬೆಯಿಂದ ಶುರು

ಎಲ್ಲರೂ ಮೊದಲು ಕೋಟೆ ಕಟ್ಟಿ ಆಮೇಲೆ ಗೊಂಬೆ ತರ್ತಾರೆ. ಆಗ ಸೈನಿಕ ಬುರುಜಿಗಿಂತ ಎತ್ತರ ಆಗಿಬಿಡ್ತಾನೆ, ಅಗಸಿಯೊಳಗೆ ತಲೆ ತೂರುವುದಿಲ್ಲ. ಅದಕ್ಕೆ ಗೊಂಬೆ ಮೊದಲು ಕೈಯಲ್ಲಿರಬೇಕು.

ಗೊಂಬೆ 3 ಇಂಚು ಇದೆ ಅನ್ನಿ. ನಿಜವಾದ ಮನುಷ್ಯ ಐದೂವರೆ ಅಡಿ, ಅಂದರೆ 66 ಇಂಚು. 66 ಅನ್ನು 3ರಿಂದ ಭಾಗಿಸಿದರೆ 22. ಇನ್ನು ಮೇಲೆ ಎಲ್ಲವನ್ನೂ 22ರಿಂದ ಭಾಗಿಸುವುದು, ಅಷ್ಟೇ. 30 ಅಡಿ ಎತ್ತರದ ಗೋಡೆ ನಿಮ್ಮ ಅಂಗಳದಲ್ಲಿ 16 ಇಂಚು ಆಗುತ್ತದೆ. 12 ಅಡಿಯ ಬಾಗಿಲು ಆರೂವರೆ ಇಂಚು. 9 ಇಂಚಿನ ಮೆಟ್ಟಿಲು ಅರ್ಧ ಇಂಚಿಗೂ ಕಮ್ಮಿ. ಕಲಬುರಗಿ ಕೋಟೆಯ ಬಾರಾ ಗಜಿ ತೋಪು ಸುಮಾರು 29 ಅಡಿ ಉದ್ದ ಎನ್ನುತ್ತಾರೆ. ಅದು 16 ಇಂಚಿನ ಒಂದು ತುಂಡು ವೈರಿಂಗ್ ಪೈಪಿನಲ್ಲಿ ಮುಗಿಯಿತು.

ಉದ್ದಕ್ಕೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಸಾವಿರ ಅಡಿ ಗೋಡೆಯನ್ನು 22ರಿಂದ ಭಾಗಿಸಿದರೂ 45 ಅಡಿ ಬರ್ತದೆ. ಅಷ್ಟು ಅಂಗಳ ಯಾರ ಮನೆಯಲ್ಲದೆ? ಅದಕ್ಕೆ ಇಡೀ ಕೋಟೆ ಮಾಡಲು ಹೋಗದೆ ಒಂದು ಅಗಸಿ, ಎರಡು ಬುರುಜು, ನಡುವಿನ ಗೋಡೆ, ಎದುರು ಒಂದಿಷ್ಟು ಬಯಲು, ಇಷ್ಟು ಹಿಡಿದರೆ ಸಾಕು. ದೂರ ತೋರಿಸಬೇಕೆಂದರೆ ದೊಡ್ಡ ಗೊಂಬೆ ಮುಂದೆ, ಸಣ್ಣ ಗೊಂಬೆ ಹಿಂದೆ. ಹಿಂದಿನ ಮನೆ, ಗಿಡಗಳನ್ನೂ ಸಣ್ಣದಾಗಿಯೇ ಮಾಡಬೇಕು. ನಾಟಕದ ಪರದೆ ಬರೆಯುವವರೂ ಕಣ್ಣಿಗೆ ಹೀಗೇ ಮೋಸ ಮಾಡುವುದು.

ಮಣ್ಣು ಯಾವುದು?

ಹೊಲದ ಎರೆಮಣ್ಣು ಹಸಿ ಇದ್ದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಸೇಡಂ ಕಡೆಯ ಹೊಲದಲ್ಲಿ ಬೀಳುವ ಬಿರುಕೇ ನಿಮ್ಮ ಬುರುಜಿಗೂ ಬೀಳುತ್ತದೆ. ಚಿಂಚೋಳಿ ಕಡೆಯ ಕೆಮ್ಮಣ್ಣು ಮೇಲು. ಎರೆಮಣ್ಣೇ ಗತಿ ಅಂದರೆ ಮರಳು, ಹೊಟ್ಟು, ಸ್ವಲ್ಪ ಸಗಣಿ ಕಲಸಿ ಒಂದು ರಾತ್ರಿ ನೆನೆಯಲು ಬಿಡಬೇಕು. ಹೊಟ್ಟಿನ ಎಳೆಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ. ಹಳೇ ಮಣ್ಣಿನ ಮನೆಯ ಗೋಡೆಗೂ ಇದೇ ಹದ, ಮನೆಯ ಹಿರಿಯರನ್ನು ಕೇಳಿದರೆ ಇನ್ನೂ ಚಂದ ಹೇಳ್ತಾರೆ.

ಬುರುಜಿನೊಳಗೆ ಹೋದ ವರ್ಷದ ತೊಗರಿ ಕಟಗಿ ನಿಲ್ಲಿಸಿ, ಸುತ್ತ ಸುತಳಿ ಬಿಗಿದು, ಮೇಲೆ ಮಣ್ಣು ಮೆತ್ತಿದರೆ ಕುಸಿಯುವುದಿಲ್ಲ. ಒಂದೇ ಸಲಕ್ಕೆ ದಪ್ಪ ಮೆತ್ತಬಾರದು. ಮೊದಲ ಪದರ ಅರ್ಧ ಒಣಗಿದ ಮೇಲೆ ಎರಡನೆಯದು.

ಗೋಡೆಗೆ ನಮ್ಮಲ್ಲಿರುವಷ್ಟು ಅನುಕೂಲ ಬೆಳಗಾವಿಯವರಿಗೂ ಇಲ್ಲ. ಶಹಾಬಾದ್, ವಾಡಿ, ಚಿತ್ತಾಪುರ ದಾರಿಯ ಪಾಲಿಶ್ ಘಟಕಗಳ ಸುತ್ತ ಪರ್ಸಿ ಚೂರುಗಳು ಬಿದ್ದಿರುತ್ತವೆ. ಮಳಖೇಡದ ಗೋಡೆಯೂ ಈ ನೆಲದ ಸುಣ್ಣಕಲ್ಲಿನದೇ. ಬೆರಳಗಲದ ಚೂರುಗಳನ್ನು ಹಸಿ ಮಣ್ಣಿಗೆ ಸಾಲಾಗಿ ಒತ್ತಿದರೆ ಬಣ್ಣದ ಖರ್ಚೇ ಇಲ್ಲ, ಕೋಟೆ ತನ್ನ ನಿಜ ಬಣ್ಣದಲ್ಲೇ ನಿಲ್ಲುತ್ತದೆ. ಒಂದು ಸಾಲಿನ ಸಂದಿ ಮೇಲಿನ ಸಾಲಿನ ಕಲ್ಲಿನ ನಡುವೆ ಬರಬೇಕು. ಗೌಂಡಿ ಕೆಲಸದ ಮೊದಲ ಪಾಠ ಅದು.

ಎರಡು ಎಚ್ಚರಿಕೆ ಇಲ್ಲೇ ಹೇಳಬೇಕು. ಕಲ್ಲು ತರಲು, ಮಣ್ಣು ತರಲು ಹುಡುಗರನ್ನು ಕೈಬಿಟ್ಟ ಕಲ್ಲಿನ ಖಣಿಗಳ ಕಡೆ ಕಳಿಸಬಾರದು. ದೀಪಾವಳಿ ಹೊತ್ತಿಗೆ ಅವು ಮಳೆನೀರಿನಿಂದ ತುಂಬಿರುತ್ತವೆ, ದಂಡೆ ನೇರ ಕಡಿದಿರುತ್ತದೆ, ಜಾರಿದವರಿಗೆ ಹತ್ತಲು ಹಿಡಿತ ಸಿಗುವುದಿಲ್ಲ. ದೊಡ್ಡವರೇ ಹೋಗಿ ಘಟಕದವರನ್ನು ಕೇಳಿ ಒಂದು ಚೀಲ ತರುವುದು ಲೇಸು.

ಎರಡನೆಯದು, ಹಳೇ ಕೋಟೆಯ ಕಲ್ಲಿಗೆ ಕೈ ಹಾಕಬಾರದು. ಬಿದ್ದದ್ದೇ ತಾನೆ ಅಂತ ಒಬ್ಬ ಒಂದು, ಇನ್ನೊಬ್ಬ ಒಂದು ಒಯ್ದೇ ಎಷ್ಟೋ ಊರಿನ ಹುಡೇವುಗಳು ಖಾಲಿಯಾಗಿವೆ. ಕಲಬುರಗಿ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ, ಅದರ 2010ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾಜ್ಯದ ಸ್ಮಾರಕಗಳಿಗೆ 1961ರ ಪ್ರತ್ಯೇಕ ಕಾಯ್ದೆ ಇದೆ.

ಯಾವ ಕಾಲ, ಯಾವ ಗೊಂಬೆ

ತಪ್ಪು ಹೆಚ್ಚು ಆಗುವುದು ಇಲ್ಲಿಯೇ. ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ ಆಳಿದ್ದು 9ನೇ ಶತಮಾನದಲ್ಲಿ. ಆಗ ತೋಪು, ಬಂದೂಕು ಈ ಕಡೆ ಬಂದೇ ಇರಲಿಲ್ಲ. ನೃಪತುಂಗನ ಕೋಟೆಯೆಂದು ಹೆಸರಿಟ್ಟು ಬುರುಜಿನ ಮೇಲೆ ತೋಪು ಕೂರಿಸಿದರೆ ಸುಮಾರು ಆರು ನೂರು ವರ್ಷದ ಎಡವಟ್ಟು. ಆ ಕಾಲಕ್ಕೆ ಬಿಲ್ಲು, ಈಟಿ, ಕತ್ತಿ, ಕುದುರೆ, ಆನೆ. ತೋಪು ಇಡಲೇಬೇಕೆಂಬ ಆಸೆ ಇದ್ದರೆ ಕಲಬುರಗಿ ಕೋಟೆ ಮಾಡಬಹುದು.

ಯುದ್ಧವೇ ತೋರಿಸಬೇಕು ಅಂದರೆ 972 ಇದೆ. ಮಾಳವದ ಪರಮಾರ ದೊರೆ ಸೀಯಕ ಬಂದು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷ. ಆದರೆ ಸಂತೆ ಮಾಡಿದರೆ ಇನ್ನೂ ಚಂದ. 851ರ ಅರಬ್ ಬರಹವೊಂದು, ವ್ಯಾಪಾರಿ ಸುಲೈಮಾನನದೆಂದು ಹೇಳುವಂಥದ್ದು, ಇಲ್ಲಿನ ದೊರೆಯನ್ನು ಬಲ್ಹರಾ ಎಂದು ಕರೆದು ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಎಂದು ಎಣಿಸಿದೆ. ಅಂಥ ಪೇಟೆಗೆ ಅರಬ್ ವ್ಯಾಪಾರಿ, ಕುದುರೆ, ಧಾನ್ಯದ ಚೀಲ, ಜೈನ ಮುನಿ, ಓಲೆಗರಿ ಹಿಡಿದ ಕವಿ ಎಲ್ಲರೂ ಬರಬಹುದು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಮಾಡದಲ್ಲಿ ಎತ್ತಿಟ್ಟಿದ್ದರೆ ಬಂಡಿಗೆ ಅವೇ ಆದವು. ಎರಡೂವರೆ ಇಂಚಿನ ಎತ್ತು ಲೆಕ್ಕಕ್ಕೂ ಸರಿಯಾಗುತ್ತದೆ.

ಅಂಗಡಿಯವರು ಗಮನಿಸಬೇಕಾದ ಮಾತೂ ಇದೇ. ಮಾರುಕಟ್ಟೆಯಲ್ಲಿ ಸಿಗುವ ಗೊಂಬೆ ಬಹುತೇಕ ಶಿವಾಜಿ ಕಾಲದವು. ರಾಷ್ಟ್ರಕೂಟ ಸೈನಿಕ, ಬಹಮನಿ ಸೈನಿಕ ಬೇಕೆಂದು ಕೇಳಿದರೆ ಇಲ್ಲ. ಎತ್ತು, ಗಣಪ, ಹಣತೆ ಮಾಡುವ ಕುಂಬಾರರು ನಮ್ಮಲ್ಲೇ ಇದ್ದಾರೆ. ಗಣಪತಿ ಹಬ್ಬ ಮುಗಿದು ಹಣತೆ ಗಿರಾಕಿ ಶುರುವಾಗುವ ನಡುವೆ ಅವರಿಗೆ ಹೇಳಿ ನಾಲ್ಕು ನಮೂನೆ ಮಾಡಿಸಿ, ಅಂಗಡಿ ಎದುರು ಒಂದು ಸಣ್ಣ ಅಗಸಿ ಕಟ್ಟಿ ಅದರಲ್ಲೇ ನಿಲ್ಲಿಸಿದರೆ ಹುಡುಗರು ತಾವಾಗಿಯೇ ನಿಲ್ತಾರೆ. ಮೊದಲ ವರ್ಷ ಹೆಚ್ಚು ಮಾಲು ತುಂಬುವುದು ಬೇಡ.

ಅಗಸಿ ನೇರ ಇರಬಾರದು

ಕೋಟೆಯೊಳಗೆ ಹೋಗುವ ದಾರಿ ಸೊಟ್ಟ ಇರುತ್ತದೆ. ಮೊದಲ ಬಾಗಿಲು ದಾಟಿದರೆ ಎದುರು ಗೋಡೆ, ಪಕ್ಕಕ್ಕೆ ತಿರುಗಿದರೆ ಎರಡನೇ ಬಾಗಿಲು. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗವೇ ಸಿಗಬಾರದು, ತಿರುಗುವಾಗ ಮೇಲಿನಿಂದ ಬಾಣ ಬಿಡಬೇಕು, ಇದು ಹಂಚಿಕೆ. ಗೋಡೆ ಮೇಲಿನ ತೆನೆಗಳು ಸೈನಿಕ ಅಡಗಿ ನಿಲ್ಲುವಷ್ಟು ಎತ್ತರ, ಅಂದರೆ ನಮ್ಮ ಲೆಕ್ಕದಲ್ಲಿ ಗೊಂಬೆಯ ಎದೆ ಮಟ್ಟಕ್ಕಾದರೂ ಬರಬೇಕು. ಬಾಗಿಲಿಗೆ ಐಸ್‌ಕ್ರೀಂ ಕಡ್ಡಿ, ಮೊಳೆಗೆ ಗುಂಡುಪಿನ್ನು.

ಕಂದಕದಲ್ಲಿ ನೀರು ನಿಲ್ಲಬೇಕಾದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ತೆಳ್ಳಗೆ ಮಣ್ಣು. ಹಸಿರಿಗೆ ಸಾಸಿವೆ, ರಾಗಿಯನ್ನು ನೆನೆಸಿ ಐದಾರು ದಿನ ಮೊದಲೇ ಉದುರಿಸಬೇಕು, ಘಟಸ್ಥಾಪನೆಯ ಸಸಿಯಂತೆಯೇ. ಜೋಳ ಬೇಡ, ನಾಲ್ಕು ದಿನದಲ್ಲಿ ಬುರುಜನ್ನೇ ಮುಚ್ಚುತ್ತದೆ.

ಥರ್ಮೊಕೋಲ್ ಬಳಸುವವರು ಎಣ್ಣೆ ಬಣ್ಣ, ಥಿನ್ನರ್, ಸ್ಪ್ರೇ ಹಚ್ಚಬಾರದು, ಅದು ಕರಗಿ ಹೋಗುತ್ತದೆ. ಫೆವಿಕಾಲ್, ನೀರಿನ ಬಣ್ಣ ನಡೆಯುತ್ತದೆ. ಥರ್ಮೊಕೋಲ್, ಹುಲ್ಲು ಇದ್ದಲ್ಲಿ ಹಣತೆಯ ಬದಲು ಸೀರಿಯಲ್ ಸೆಟ್ ಹಾಕುವುದು ಒಳ್ಳೆಯದು. ವೈರಿನ ಜೋಡಣೆ ಹಸಿ ಮಣ್ಣಿಗೆ, ಕಂದಕದ ನೀರಿಗೆ ತಾಗಬಾರದು. ಗಟ್ಟಿ ಇರಲೆಂದು ಸಿಮೆಂಟ್ ನೀರು ಬಳಿಯುವವರು ಆ ಕೆಲಸ ಮಕ್ಕಳ ಕೈಗೆ ಕೊಡಬಾರದು, ಹಸಿ ಸಿಮೆಂಟ್ ಚರ್ಮ ಸುಡುತ್ತದೆ.

ಹಿಂಗಾರಿನ ಮಳೆ ಹಬ್ಬದ ಹೊತ್ತಿಗೂ ಬರಬಹುದು. ಕೋಟೆಯನ್ನು ಪಡಸಾಲೆಯ ಅಂಚಿಗೆ ಕಟ್ಟುವುದು, ಇಲ್ಲವೇ ನಾಲ್ಕು ಕೋಲು ನೆಟ್ಟು ತಾಡಪತ್ರಿ ಕಟ್ಟಿಡುವುದು ಸುರಕ್ಷಿತ. ದಸರಾ ರಜೆಯಲ್ಲೇ ಬುರುಜಿನ ಕೆಲಸ ಶುರು ಮಾಡಿದರೆ ಪದರಗಳು ಒಣಗಲು ದಿನ ಸಿಗುತ್ತವೆ. ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿಡಬೇಕು. ಪರ್ಸಿ ಚೂರುಗಳನ್ನೂ ತೊಳೆದು ಚೀಲದಲ್ಲಿಟ್ಟರೆ ಮುಂದಿನ ವರ್ಷಕ್ಕೆ ಬರುತ್ತವೆ. ಮಣ್ಣನ್ನು ಹಿತ್ತಲಿಗೆ ಹಾಕಬಹುದು, ಸಿಮೆಂಟ್ ತಾಗಿದ್ದನ್ನು ಮಾತ್ರ ಬೇರೆ ಮಾಡಬೇಕು.